ಕಲ್ಯಾಣ ಮಂಟಪಗಳಲ್ಲಿ ಸದ್ದಿಲ್ಲದ ಕೋಣೆಯೊಂದಿರಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಬಂಧುಗಳ ಮದುವೆಯಲ್ಲಿ ಗಟ್ಟಿಮೇಳ, ಧ್ವನಿವರ್ಧಕದ ಅಬ್ಬರ, ವಿಡಿಯೊದವರ ಕಣ್ಣು ಕೋರೈಸುವ ದೀಪ, ಅಡುಗೆ ಮನೆಯಿಂದ ಬರುತ್ತಿದ್ದ ಒಗ್ಗರಣೆಯ ಘಾಟು ಎಲ್ಲವೂ ಒಮ್ಮೆಲೇ ಎರಗಿದಂತಾಗಿ, ಆಟಿಸಂ (ಮಿದುಳಿನ ಬೆಳವಣಿಗೆ ಭಿನ್ನವಾಗಿದ್ದು, ಸದ್ದು, ಬೆಳಕು, ಸ್ಪರ್ಶಗಳು ಹಲವರಿಗೆ ಅತಿಯಾಗಿ ತಟ್ಟುವ ಸ್ಥಿತಿ) ಇರುವ ನನ್ನ ಒಂಬತ್ತು ವರ್ಷದ ಮಗಳು ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಸುತ್ತಲಿದ್ದವರು ಹಠವೆಂದು ಭಾವಿಸಿ, ಚಾಕೊಲೇಟ್ ತೋರಿಸಿ, ಹೆಸರು ಹಿಡಿದು ಕೂಗಿ, ಬೆನ್ನು ಸವರಿ ಸಮಾಧಾನಪಡಿಸಲು ಮುಂದಾದರು. ಅವರ ಮನಸ್ಸು ಒಳ್ಳೆಯದೇ. ಆದರೆ ಆ ಹೊತ್ತಿನಲ್ಲಿ ಮಗುವಿಗೆ ಒಂದೊಂದು ಮಾತೂ ಒಂದೊಂದು ಸ್ಪರ್ಶವೂ ಹೊರೆಯ ಮೇಲಿನ ಹೊರೆ. ಹಠ ಮಾಡುವ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ; ಇಂಥ ಮಗುವಿಗೆ ಬೇಕಾದದ್ದು ಸದ್ದು, ಬೆಳಕು, ಜನ ಇವೆಲ್ಲದರಿಂದ ಸ್ವಲ್ಪ ಹೊತ್ತಿನ ಬಿಡುವು.

ಕೊನೆಗೆ ಅಡುಗೆಯವರೊಬ್ಬರು ಉಗ್ರಾಣದ ಬಾಗಿಲು ತೆರೆದುಕೊಟ್ಟರು. ಅಕ್ಕಿ ಮೂಟೆಗಳ ನಡುವೆ, ಮಂದ ಬೆಳಕಿನಲ್ಲಿ, ನಾನು ಎಲ್ಲಿಗೆ ಹೋದರೂ ಚೀಲದಲ್ಲಿ ಒಯ್ಯುವ ಅಜ್ಜಿಯ ಹಳೆಯ ಹತ್ತಿ ಸೀರೆಯನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು ಅವಳು ಕುಳಿತಳು. ನಾನು ಏನನ್ನೂ ಕೇಳದೆ ಪಕ್ಕದಲ್ಲಿದ್ದೆ. ಇಪ್ಪತ್ತು ನಿಮಿಷದಲ್ಲಿ ಉಸಿರಾಟ ಹದಕ್ಕೆ ಬಂತು, ನೀರು ಬೇಕೆಂದಳು, ಪಂಕ್ತಿಯಲ್ಲಿ ಕುಳಿತು ಹೋಳಿಗೆಯನ್ನೂ ತಿಂದಳು. ಉಗ್ರಾಣದ ಬೀಗದ ಕೈ ಆ ಪುಣ್ಯಾತ್ಮರ ಬಳಿ ಇರದಿದ್ದರೆ ನಾವು ಊಟಕ್ಕೆ ಮುಂಚೆಯೇ ಮನೆಗೆ ಮರಳಬೇಕಿತ್ತು. ಎಷ್ಟೋ ಸಲ ಹಾಗೆಯೇ ಮರಳಿದ್ದೇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನೂ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಬೆಂಗಳೂರಿನ ವಿಮಾನ ನಿಲ್ದಾಣದ 2ನೇ ಟರ್ಮಿನಲ್‌ನಲ್ಲಿ ಇಂಥ ಪ್ರಯಾಣಿಕರಿಗಾಗಿ ಪ್ರತ್ಯೇಕ ಕೋಣೆಯೂ ಇದೆ. ಆದರೆ ನಮ್ಮಂಥವರು ಹೆಚ್ಚಾಗಿ ಹೋಗುವುದು ಬಸ್ ನಿಲ್ದಾಣಕ್ಕೆ, ಸರ್ಕಾರಿ ಆಸ್ಪತ್ರೆಗೆ, ಕಲ್ಯಾಣ ಮಂಟಪಕ್ಕೆ. ಗಾಲಿಕುರ್ಚಿಯವರಿಗಾಗಿ ಇಳಿಜಾರು ದಾರಿ ಕಟ್ಟಿಸುವವರು ಕೂಡ ಸದ್ದು, ಬೆಳಕುಗಳ ಬಗ್ಗೆ ಯೋಚಿಸಿದ್ದು ಕಡಿಮೆ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಗಟ್ಟಿಯಾಗಿ ಮುಚ್ಚುವ ಬಾಗಿಲು, ತಗ್ಗಿಸಬಹುದಾದ ದೀಪ, ಒಂದು ಚಾಪೆ, ಕುಡಿಯುವ ನೀರು ಇರುವ, ಧ್ವನಿವರ್ಧಕದ ಸಂಪರ್ಕವಿಲ್ಲದ ಪುಟ್ಟ ಕೋಣೆ ಸಾಕು. ತಲೆಶೂಲೆಯವರಿಗೆ, ಬಾಣಂತಿಯರಿಗೆ, ಗದ್ದಲದಿಂದ ಬಳಲುವ ವೃದ್ಧರಿಗೂ ಅದು ಆಸರೆಯಾದೀತು. ಸ್ಥಳೀಯ ಸಂಸ್ಥೆಗಳು ಮಂಟಪಗಳ ಪರವಾನಗಿ ನವೀಕರಿಸುವಾಗ ಇದನ್ನು ಷರತ್ತಾಗಿಸಬೇಕು. ಮಂಟಪ ಗೊತ್ತು ಮಾಡುವ ಕುಟುಂಬದವರು ವಧುವಿನ ಕೋಣೆ, ವರನ ಕೋಣೆಗಳ ಜೊತೆಗೆ ಇದನ್ನೂ ಕೇಳಿ ಪಡೆಯಬೇಕೆಂದು ವಿನಂತಿ.

– ಒಬ್ಬ ತಾಯಿ, ಮೈಸೂರು