ನನ್ನ ಎರಡು ಎಸ್‌ಯು ಕಾರ್ಬುರೇಟರ್ ವಾಪಸ್ ಕೊಡಿ

ಗೆ: ಮಾಲೀಕರು, ಹಳೇ ಕಾರುಗಳ ವರ್ಕ್‌ಶಾಪ್, ಹಾಸನ
ಇಂದ: 1967ರ ಎಂಜಿಬಿ ಕಾರಿನ ಮಾಲೀಕ, ಆಲ್ದೂರು, ಚಿಕ್ಕಮಗಳೂರು ಜಿಲ್ಲೆ
ವಿಷಯ: ಕೇಳದೆ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬದಲಿಸಿದ್ದು, ಪೆಟ್ರೋಲ್ ಸೋರಿಕೆ

ಮಾನ್ಯರೇ,

ಹೋದ ತಿಂಗಳ ಮೂರನೇ ಭಾನುವಾರ ಮುಳ್ಳಯ್ಯನಗಿರಿ ಕಡೆ ಹೊರಟಿದ್ದೆವು. ಕೈಮರ ದಾಟಿ ಎರಡು ತಿರುವು ಹತ್ತಿದ್ದೇ ತಡ, ಕಾರಿನೊಳಗೆ ಪೆಟ್ರೋಲ್ ವಾಸನೆ. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದೆ. ನನ್ನ ಎಸ್‌ಯು ಜೋಡಿ ತೆಗೆದು ನೀವು ಕೂರಿಸಿದ ವೆಬರ್ ಕಾರ್ಬುರೇಟರಿನ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೇ ಹೊಗೆ ಹೊರಹೋಗುವ, ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಈ ಇಂಜಿನ್ನಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿವೆ ಅಂತ ನಿಮಗೆ ನಾನು ಹೇಳಬೇಕಾ? ನನ್ನ ಹೆಂಡತಿ ಬ್ಯಾಗನ್ನೂ ಬಿಟ್ಟು ಇಳಿದು, ದೂರದ ಮರದ ಹತ್ತಿರ ಹೋಗಿ ನಿಂತಳು. ಆಮೇಲೆ ಕಾರನ್ನು ಎಳೆಸಿಕೊಂಡೇ ಮನೆಗೆ ತಂದೆವು.

ನಾನು ನಿಮ್ಮಲ್ಲಿ ಹೇಳಿದ ಕೆಲಸ ಇಷ್ಟೇ. 1798 ಸಿಸಿ ಇಂಜಿನ್ ಬಿಚ್ಚಿ ಕಟ್ಟುವುದು, ಹೆಡ್ ಸ್ವಲ್ಪ ಕೆಲಸ ಮಾಡುವುದು, ವಾಲ್ವ್ ತೆರೆಸುವ ಕ್ಯಾಮ್ ರಸ್ತೆಗೆ ಹೊಂದುವ ಸಾಧಾರಣದ್ದು ಹಾಕುವುದು. ಕಾರ್ಬುರೇಟರ್ ಮಾತ್ರ ಕಂಪನಿಯ ಜೋಡಿ ಎಸ್‌ಯು ಇರಲಿ, ಸ್ಪಿಂಡಲ್ ಸವೆದಿದೆ, ಬುಷ್ ಬದಲಿಸಿ, ಹೊಸ ಕ್ಯಾಮ್‌ಗೆ ತಕ್ಕ ನೀಡಲ್ ಹಾಕಿ ಅಂದಿದ್ದೆ. ನಿಮ್ಮ ಜಾಬ್ ಕಾರ್ಡಿನಲ್ಲಿ ನಿಮ್ಮದೇ ಅಕ್ಷರದಲ್ಲಿದೆ.

ಮೊದಲು ನೀವು ಕಾರ್ಬುರೇಟರೇ ಬೇಡ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಎಫ್‌ಐ ಮಾಡಿಬಿಡೋಣ ಸಾರ್ ಅಂದಿರಿ. ಅದರಲ್ಲಿ ಸುಳ್ಳಿಲ್ಲ, ಬೆಟ್ಟ ಹತ್ತಿದರೆ ಗಾಳಿಯ ಒತ್ತಡ ನೋಡಿ ಅದೇ ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ. ಆದರೆ ಈ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಇರುವುದು ಎರಡೇ ಇನ್‌ಲೆಟ್ ಪೋರ್ಟ್, ಗಾಳಿ-ಪೆಟ್ರೋಲ್ ಒಳಗೆ ಹೋಗುವ ದಾರಿ. ಒಂದು ಮತ್ತು ಎರಡು ಒಂದನ್ನು ಹಂಚಿಕೊಳ್ಳುತ್ತವೆ, ಮೂರು ಮತ್ತು ನಾಲ್ಕು ಇನ್ನೊಂದನ್ನು. ಸಿಲಿಂಡರ್‌ಗಳು ಉರಿಯುವ ಸರದಿ (ಫೈರಿಂಗ್ ಆರ್ಡರ್) 1-3-4-2. ಅಂದರೆ ಒಂದೇ ಪೋರ್ಟಿನಿಂದ ಇಬ್ಬರು ಬೆನ್ನು ಬೆನ್ನಿಗೇ ಎಳೆಯುತ್ತಾರೆ, ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗುತ್ತದೆ. ಪೋರ್ಟಿಗೆ ಇಂಜೆಕ್ಟರ್ ಚುಚ್ಚಿದರೆ ಯಾವಾಗ ಎಷ್ಟು ಬಿಡಬೇಕು ಅನ್ನುವುದೇ ದೊಡ್ಡ ತಲೆನೋವು. ಇದನ್ನು ನಾನು ಕೇಳಿದಾಗ ನೀವು ಮಾತು ಬದಲಿಸಿ ಕಾಫಿ ತರಿಸಿದಿರಿ. ಕಾಫಿ ಚೆನ್ನಾಗಿತ್ತು.

ಎರಡೂವರೆ ತಿಂಗಳಾದ ಮೇಲೆ ಕಾರು ತರಲು ಬಂದರೆ ಎಸ್‌ಯು ಮಾಯ, ಅಲ್ಲಿ ಒಂದು 45 ಡಿಸಿಒಇ ವೆಬರ್. 'ನೋಡೋಕೆ ಜೋರಾಗಿದೆ ಅಲ್ವಾ ಸಾರ್' ಅಂದ ನಿಮ್ಮ ಹುಡುಗ. ಜೋರಾಗಿಯೇ ಇದೆ. ವೆಬರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪೂರ್ತಿ ತೆರೆದು ರೇಸಿಗೆ ಓಡಿಸುವವನಿಗೆ ಅದು ಬೇಕು. ಆದರೆ ಗಾಳಿ ಹೋಗುವ ಅದರ ಗಂಟಲಿನ (ಚೋಕ್) ಅಳತೆ ಬದಲಾಗುವುದಿಲ್ಲ. ಬಿಚ್ಚಿ ನೋಡಿದರೆ 38 ಎಂಎಂ ಅಂತ ಕೊರೆದಿದೆ. ಸಾಧಾರಣ ಕ್ಯಾಮಿಗೆ ಅಷ್ಟು ಅಗಲ ಯಾಕೆ? ಕಡಿಮೆ ಆರ್‌ಪಿಎಂನಲ್ಲಿ ಗಾಳಿಗೆ ವೇಗವೇ ಸಿಗದೆ ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ. ಬೇಲೂರು ದಾಟಿ ಲಾರಿ ಹಿಂದೆ ಮೂರನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದರೆ ಗಾಡಿ ಒಮ್ಮೆ ಕೆಮ್ಮಿ ನಿಂತಂತಾಗಿ ಆಮೇಲೆ ಹಾರುತ್ತದೆ.

ಎಸ್‌ಯುನಲ್ಲಿ ಈ ರಗಳೆ ಇಲ್ಲ. ಇಂಜಿನ್ ಎಷ್ಟು ಗಾಳಿ ಕೇಳುತ್ತದೋ ಅಷ್ಟು ಅದರೊಳಗಿನ ಪಿಸ್ಟನ್ ಮೇಲೇಳುತ್ತದೆ, ಅದರ ಜೊತೆ ಚೂಪು ನೀಡಲ್ ಏಳುತ್ತದೆ, ಅಷ್ಟೇ ಪೆಟ್ರೋಲ್ ಬಿಡುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕಡೆ ಹೋದರೆ ಅದೂ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ, ಒಪ್ಪಿದೆ. ಕೆಳಗಿನ ನಟ್ ಒಂದು ಫ್ಲಾಟ್ (ಸುತ್ತಿನ ಆರನೇ ಒಂದು ಪಾಲು) ತಿರುಗಿಸಿದರೆ ಮುಗಿಯಿತು. ನಮ್ಮ ಅಪ್ಪ ಅದನ್ನು ಬೀಡಿ ಆರಿಸಿಟ್ಟು, ರಸ್ತೆ ಬದಿಯಲ್ಲೇ ಮಾಡುತ್ತಿದ್ದರು. ವೆಬರ್ ಆದರೆ ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳ ಡಬ್ಬಿ ಹೊತ್ತುಕೊಂಡು ಹೋಗಬೇಕು.

ಇದೆಲ್ಲ ಬಿಡಿ, ರುಚಿಯ ವಿಷಯ ಅನ್ನಬಹುದು. ಪಂಪ್ ವಿಷಯ ಹಾಗಲ್ಲ. ಹಳೇ ಎಸ್‌ಯು ಪಂಪ್ ಕೀ ತಿರುಗಿಸಿದರೆ ಹಿಂದಿನಿಂದ ಟಿಕ್ ಟಿಕ್ ಅನ್ನುತ್ತಿತ್ತು, ಕಾರ್ಬುರೇಟರಿನ ಬೌಲ್ ತುಂಬಿದರೆ ಸುಮ್ಮನಾಗುತ್ತಿತ್ತು. ನೀವು ಹಾಕಿದ್ದು ಒಂದೇ ಸಮ ಗುಂಯ್ ಅನ್ನುತ್ತದೆ. ಗೇಜ್ ಹಾಕಿಸಿ ನೋಡಿದೆ, ಒತ್ತಡ 7 ಪಿಎಸ್‌ಐ. ವೆಬರಿನ ಫ್ಲೋಟ್ ವಾಲ್ವ್ ತಡೆಯುವುದು ಹೆಚ್ಚೆಂದರೆ 3ರ ಆಸುಪಾಸು. ನಡುವೆ ಒತ್ತಡ ಇಳಿಸುವ ರೆಗ್ಯುಲೇಟರ್ ಇಲ್ಲವೇ ಇಲ್ಲ. ಬಿಲ್ಲಿನಲ್ಲಿ ಮಾತ್ರ ರೆಗ್ಯುಲೇಟರಿಗೆ 4,800 ರೂಪಾಯಿ ಹಾಕಿದ್ದೀರಿ. ಅದೆಲ್ಲಿದೆ? ಪೈಪ್ ಕೂಡ ಹಳೇ ರಬ್ಬರ್. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ಹಳೇ ರಬ್ಬರ್ ಅದಕ್ಕೆ ಮೆತ್ತಗಾಗುತ್ತದೆ. ಕ್ಲಿಪ್ ಹತ್ತಿರ ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿದೆ.

ಆವತ್ತೇ ಫೋನ್ ಮಾಡಿದೆ. 'ಸ್ವಲ್ಪ ದಿನ ಓಡಲಿ, ಸೆಟ್ ಆಗ್ತದೆ' ಅಂದಿರಿ. ಪೆಟ್ರೋಲ್ ಸೋರುವುದು ಸೆಟ್ ಆಗುವ ವಿಷಯವಾ?

ಈಗ ನನಗೆ ಬೇಕಾದ್ದು: ನನ್ನ ಎಸ್‌ಯು ಜೋಡಿ, ಅದರ ಇನ್‌ಲೆಟ್ ಮ್ಯಾನಿಫೋಲ್ಡ್, ಹಳೇ ಪಂಪ್ ಮೂರೂ ವಾಪಸ್. ವೆಬರ್ ನಿಮಗೇ ಇರಲಿ, ಅದಕ್ಕೆ ತೆಗೆದುಕೊಂಡ 86,000 ರೂಪಾಯಿ ಮತ್ತು ಹಾಕದ ರೆಗ್ಯುಲೇಟರಿನ ದುಡ್ಡು ಹಿಂದಿರುಗಿಸಿ. ಎಥನಾಲ್ ತಡೆಯುವ ಪೈಪನ್ನು ನಿಮ್ಮ ಖರ್ಚಿನಲ್ಲೇ ಹಾಕಿ. ಹೆಡ್ ಮತ್ತು ಕ್ಯಾಮ್ ಕೆಲಸ ಚೊಕ್ಕವಾಗಿದೆ, ಅದರ ದುಡ್ಡಿಗೆ ನನ್ನ ತಕರಾರಿಲ್ಲ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಸನಕ್ಕೆ ಅಲೆಯಬೇಕಿಲ್ಲ. ಜಾಬ್ ಕಾರ್ಡ್, ಬಿಲ್, ಗೇಜಿನ ಫೋಟೋ ಎಲ್ಲದರ ನಕಲು ಇದರ ಜೊತೆಗಿದೆ.

ಒಂದು ಮಾತು. ಎಸ್‌ಯು ಪ್ಯಾಕ್ ಮಾಡುವಾಗ ಎರಡರ ಪಿಸ್ಟನ್ ಅದಲು ಬದಲು ಮಾಡಬೇಡಿ, ಒಂದೊಂದಕ್ಕೂ ಅದರದೇ ಮೇಲಿನ ಚೇಂಬರ್. ನೀಡಲ್ ಬಗ್ಗದ ಹಾಗೆ ಬಟ್ಟೆ ಸುತ್ತಿ ಕಳಿಸಿ.

ಇಂತಿ,
ನಿಮ್ಮ ಗಿರಾಕಿ