ತಮ್ಮನ ಎದುರು ಹೆದರಿಕೆ ಅಂದೆಯಲ್ಲ

ಬೀದರ್

ಚಿ. ಮಗಳಿಗೆ ಕಾಕಾನ ಆಶೀರ್ವಾದ.

ನಿನ್ನ ಪತ್ರ ಓದಿ ಎರಡು ರಾತ್ರಿ ನಿದ್ದೆ ಹತ್ತಿಲ್ಲ. ಮನೆ ಸುದ್ದಿ ನಿಮ್ಮವ್ವ ಹೇಳುತ್ತಾಳೆ, ಬಿಡು. "ಕಾಕಾ, ತಮ್ಮನ ಹತ್ತಿರ ಮಾತಾಡೋಕೇ ಹೆದರಿಕೆ ಆಗ್ತದೆ" ಅಂತ ಬರೆದಿದ್ದೀಯಲ್ಲ, ಆ ಸಾಲು ತಲೆಯಿಂದ ಹೋಗುತ್ತಿಲ್ಲ. ನೀನೇ ಎತ್ತಿ ಆಡಿಸಿದ ಹುಡುಗ ಅವನು, ಈಗ ಮುಸಲ್ಮಾನರ ಮೇಲೆ ದ್ವೇಷ ಕಾರುವ ಗುಂಪಿಗೆ ಸೇರಿದ್ದಾನೆ ಅಂತೀಯ.

ಆ ಹೆದರಿಕೆ ನನಗೆ ಗೊತ್ತು. ಇದನ್ನು ಯಾರಿಗೂ ಹೇಳಿಲ್ಲ. ನನ್ನ ಗೆಳೆಯನೊಬ್ಬ ಅಂಥದ್ದೇ ಒಂದು ಗುಂಪಿಗೆ ಸೇರಿದ್ದ. ಒಂದು ದಿನ ಚಹಾದಂಗಡಿಯಲ್ಲಿ ಕೂತು, ಚಿಕ್ಕಂದಿನಿಂದ ನಮ್ಮಿಬ್ಬರಿಗೂ ಅಂಗಿ ಹೊಲಿದ ಟೇಲರ್ ಚಾಚಾನ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿದ. ನಾನು ಬಸಿಗೆ ಚಹಾ ಸುರಿದುಕೊಂಡು ಸುಮ್ನೆ ಕುಡಿದೆ. ಹದಿನೈದು ದಿನಕ್ಕೆ ಆ ಅಂಗಡಿಗೆ ಯಾರೋ ಕಲ್ಲು ಹೊಡೆದರು. ಬೆಳಿಗ್ಗೆ ಹೋದರೆ ಚಾಚಾ ನೆಲದಲ್ಲಿ ಕೂತು, ಗಾಜಿನ ಚೂರುಗಳ ನಡುವೆ ಗುಂಡಿ ಆರಿಸುತ್ತಿದ್ದರು. ನನ್ನನ್ನು ನೋಡಿ, "ಬಾ ಬೇಟಾ, ನಿನ್ನ ಅಂಗಿ ತಯಾರಿದೆ" ಅಂದರು. ತಗೊಂಡು ಬಂದೆ. ಒಂದು ಮಾತೂ ಆಡಲಿಲ್ಲ.

ಆಮೇಲೆ ಗೆಳೆಯನ ಮುಖ ನೋಡುವುದು ಬಿಟ್ಟೆ. ಅದೇ ದೊಡ್ಡದು ಅಂದುಕೊಂಡಿದ್ದೆ. ನಾವೆಲ್ಲ ಬಿಟ್ಟ ಮೇಲೆ ಅವನಿಗೆ ಉಳಿದವರು ಆ ಗುಂಪಿನವರೇ ಅಲ್ವಾ?

ನಮ್ಮ ಆಯಿ 1948ರ ಕಥೆ ಹೇಳುತ್ತಿದ್ದಳು. ನಿಜಾಮನ ಪರ ಇದ್ದ ರಜಾಕಾರರ ಪಡೆ ನಮ್ಮ ಜಿಲ್ಲೆಯ ಗೋರಟಾ ಹಳ್ಳಿಯಲ್ಲಿ ಜನರನ್ನು ಕೊಂದದ್ದು. ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸುವಾಗ ಅದನ್ನು ಎಲ್ಲರೂ ನೆನೆಯುತ್ತಾರೆ. ಭಾರತದ ಸೈನ್ಯ ಬಂದು ನಿಜಾಮನನ್ನು ಮಣಿಸಿದ ಪೊಲೀಸ್ ಕಾರ್ಯಾಚರಣೆ ಆದ ಮೇಲೆ, ರಜಾಕಾರರ ಹೆಸರಿನಲ್ಲಿ ಏನೂ ಅರಿಯದ ಮುಸಲ್ಮಾನರನ್ನು ಕೊಂದದ್ದನ್ನೂ ಆಯಿ ಹೇಳುತ್ತಿದ್ದಳು, ಅದೇ ದನಿಯಲ್ಲಿ. ಅದನ್ನು ವಿಚಾರಿಸಲು ಪಂಡಿತ್ ಸುಂದರಲಾಲರ ಸಮಿತಿ ನಮ್ಮ ಕಡೆ ಬಂದಿತ್ತು. ತಮ್ಮನಿಗೆ ಅರ್ಧ ಕಥೆ ಮಾತ್ರ ಗೊತ್ತಿದೆ. ಉಳಿದರ್ಧ ನಾವೇ ಹೇಳಲಿಲ್ಲ.

ಏನು ಮಾಡು ಅಂತ ಹೇಳಲಿ? ನನಗೇ ಆಗದ್ದನ್ನು ನಿನಗೆ ಹೇಳುತ್ತಿದ್ದೇನೆ. ಮೊಬೈಲ್‌ನಲ್ಲಿ ವಾದ ಬೇಡ. ನಾಲ್ಕು ಜನರ ಎದುರು ಅವನ ಮಾನ ತೆಗೆಯಬೇಡ. ಊಟಕ್ಕೆ ಕರೆ. ಹೊಲಸು ಮಾತು ಬಂದಾಗ ಮಾತ್ರ ನನ್ನ ಹಾಗೆ ಚಹಾ ಕುಡಿಯುತ್ತಾ ಕೂರಬೇಡ. "ನನ್ನೆದುರು ಇದು ಬೇಡ" ಅನ್ನು, ಅಷ್ಟು ಸಾಕು. ದ್ವೇಷ ಹಬ್ಬಿಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಭಾಷಣ ಮಾಡಿ ಹುಡುಗರನ್ನು ಕೆಣಕುವವರಿಗೆ ಅದು ಆಗಲೇಬೇಕು. ಹುಡುಗನನ್ನು ಮನೆಗೆ ವಾಪಸ್ ತರುವುದು ಪೊಲೀಸರಿಂದ ಆಗದು. ಆದರೂ, ಯಾರಿಗಾದರೂ ಹೊಡೆಯುವ ಮಾತು ಕಿವಿಗೆ ಬಿದ್ದರೆ ತಮ್ಮ ಅಂತ ನೋಡಬೇಡ, 112ಕ್ಕೆ ಫೋನ್ ಮಾಡು. ಇದನ್ನು ಬರೆಯುವಾಗ ಕೈ ನಡುಗಿತು ಮಗಳೇ.

ಅಷ್ಟೂರಿನ ಉರುಸಿಗೆ ಅವನನ್ನು ಕರೆದುಕೊಂಡು ಬಾ. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟಕ್ಕೆ ಕಲಬುರಗಿ ಜಿಲ್ಲೆಯಿಂದ ಜಂಗಮರು ನಡೆದು ಬರುವುದನ್ನು ಚಿಕ್ಕವನಿದ್ದಾಗ ನನ್ನ ಹೆಗಲ ಮೇಲೆ ಕೂತು ನೋಡಿದ್ದ. ಬರಲ್ಲ ಅಂದರೆ ಫೋನ್ ಅವನ ಕೈಗೆ ಕೊಡು, ನಾನೇ ಕೇಳುತ್ತೇನೆ. ನೀನು ಒಬ್ಬಳೇ ಹೆದರಿಕೊಂಡು ಕೂರಬೇಡ.

ನಿನ್ನ ಕಾಕಾ