ಕಬಡ್ಡಿ ಆಡುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಜಿಲ್ಲಾ ತಂಡಕ್ಕೆ ಆಯ್ಕೆಯಾದದ್ದನ್ನು ನಿನ್ನಪ್ಪ ಬೀದಿಗೆಲ್ಲ ಹೇಳಿ ಬಂದರು. ಹಾಸ್ಟೆಲಿನಲ್ಲಿ ಗೆಳತಿಯರು ಸುತ್ತ ಇರುವಾಗ ಫೋನಿನಲ್ಲಿ ಕೆಲವು ಮಾತು ಆಡಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ರೈಡಿಗೆ ಹೋದವಳು ಬೋನಸ್ ಗೆರೆ ದಾಟಿ ಗಕ್ಕನೆ ತಿರುಗುತ್ತೀಯಲ್ಲ, ಆಗ ಪಾದ ಮ್ಯಾಟಿಗೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅದೇ ಎಸಿಎಲ್ ಲಿಗಮೆಂಟ್, ಹರಿಯಬಹುದು. ಅದಕ್ಕೆ ಯಾರೂ ಹಿಡಿಯಬೇಕಿಲ್ಲ, ತಳ್ಳಬೇಕಿಲ್ಲ. ಹೀಗೆ ಜಿಗಿದು ತಿರುಗುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೇ ಈ ಅಪಾಯ ಹೆಚ್ಚು. ಜಿಗಿದು ಇಳಿಯುವಾಗ ನಮ್ಮ ಮಂಡಿ ಒಳಕ್ಕೆ ವಾಲುವುದೂ ಅದಕ್ಕೊಂದು ಕಾರಣ. ಹಾಗಾಗಿ ಮಂಡಿ ಬಾಗಿಸಿ ಮೆತ್ತಗೆ ಇಳಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ತೊಡೆಯ ಹಿಂಭಾಗಕ್ಕೆ ಬಲ ಕೊಡುವ ಕಸರತ್ತು, ಇವನ್ನು ಆಟಕ್ಕೆ ಮೊದಲು ತಪ್ಪಿಸಬೇಡ. ಫುಟ್‌ಬಾಲಿನವರ ‘ಫಿಫಾ 11+’ ವಾರ್ಮ್‌ಅಪ್‌ನಲ್ಲಿ ಇವೆಲ್ಲ ಇವೆ. 20 ನಿಮಿಷದ ಕೆಲಸ. ನಿಮ್ಮ ಕೋಚ್ ಸರ್‌ಗೂ ಹೇಳಿ ನೋಡು.

ಮಂಡಿಯಲ್ಲಿ ಟಪ್ ಅಂದು, ಕೆಲವೇ ಗಂಟೆಯಲ್ಲಿ ಊದಿಕೊಂಡರೆ ಆಟ ಅಲ್ಲಿಗೇ ನಿಲ್ಲಿಸು. ಎಣ್ಣೆ ಹಚ್ಚಿ ತಿಕ್ಕಿಸಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮೂಳೆ ಡಾಕ್ಟರ ಬಳಿ ಹೋಗು. ನೋವು ಹೇಳಿದರೆ ತಂಡದಿಂದ ತೆಗೆದಾರು ಎಂದು ನುಂಗಿಕೊಳ್ಳಬೇಡ ಕಂದಾ. ಕುಸ್ತಿಯ ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮಂಡಿ ಪೆಟ್ಟಾಗಿ ಸ್ಟ್ರೆಚರಿನ ಮೇಲೆ ಹೊರಬಂದಳು. 2023ರಲ್ಲಿ ಮತ್ತೆ ಮಂಡಿಯ ಆಪರೇಷನ್ ಆಯಿತು. ಮರುವರ್ಷ ಪ್ಯಾರಿಸ್‌ನಲ್ಲಿ ಫೈನಲ್ ತಲುಪಿದಳು.

ಅಲ್ಲಿ ಅವಳನ್ನು ತಡೆದದ್ದು ಮಿತಿಗಿಂತ ಹೆಚ್ಚಿದ್ದ 100 ಗ್ರಾಂ ತೂಕ. ನಿಮಗೂ ತೂಕದ ಮಿತಿ ಇದೆ, ಅದೇ ನನ್ನ ದೊಡ್ಡ ಚಿಂತೆ. ಮಿತಿಯೊಳಗೆ ಬರಲು ರಾತ್ರಿ ಊಟ ಬಿಡುವುದು, ನೀರು ಕುಡಿಯದಿರುವುದು ಬೇಡವೇ ಬೇಡ. ಆಡುವ ಮೈಗೆ ಬೇಕಾದಷ್ಟು ಅನ್ನ ಸಿಗದಿದ್ದರೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇಹೋಗುತ್ತದೆ. ಸದ್ಯ ರಗಳೆ ತಪ್ಪಿತು ಎಂದು ಹುಡುಗಿಯರು ಖುಷಿಪಡುತ್ತಾರೆ. ಆದರೆ ಒಳಗೆ ಮೂಳೆ ಸವೆಯತೊಡಗುತ್ತದೆ, ಮುಂಗಾಲ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳಬಹುದು. ಮೂಳೆ ಗಟ್ಟಿಯಾಗುವುದು ನಿನ್ನ ಈ ವಯಸ್ಸಿನಲ್ಲೇ. ಮೂರು ತಿಂಗಳು ಮುಟ್ಟಾಗದಿದ್ದರೆ ನನಗೆ ಹೇಳಲೇಬೇಕು. ನಾಚಿಕೆ ಬೇಡ, ನಾನೇ ಬಂದು ಡಾಕ್ಟರಿಗೆ ತೋರಿಸುತ್ತೇನೆ.

ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ, ಎರಡು ರೈಡಿಗೇ ಏದುಸಿರು ಬರುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡ, ನಿಂಬೆಹಣ್ಣಿನ ಪಾನಕ ಆದೀತು.

ಭಾನುವಾರ ಅಪ್ಪ ಬರುತ್ತಾರೆ. ರಾಗಿ ಹುರಿಹಿಟ್ಟು, ಶೇಂಗಾ ಚಿಕ್ಕಿ ಕಳಿಸುತ್ತೇನೆ. ಶೂ ಅಟ್ಟೆ ಸವೆದಿದ್ದರೆ ಅಷ್ಟರೊಳಗೆ ಫೋನ್ ಮಾಡು, ಹೊಸದು ತರುತ್ತಾರೆ.

ನಿನ್ನ ಅಮ್ಮ